ಮೂರನೇ ಡೆರಿವೇಟಿವ್ ಪುಟದ ಎರಡಕ್ಷರ

ಮೊದಲೇ ಒಪ್ಪಿಕೊಂಡುಬಿಡುತ್ತೇನೆ. ಆ ಪುಟದ ಕೆಳಗಿನ ಚೌಕದಲ್ಲಿ ಮೇಡಂ ಅವರ ಇನಿಶಿಯಲ್ ಬರೆದದ್ದು ನಾನೇ. ಎರಡೇ ಅಕ್ಷರ, ಕಪ್ಪು ಇಂಕು, ಕೊನೆಯ ಗೆರೆಗೆ ಅವರು ಕೊಡುತ್ತಿದ್ದ ಸಣ್ಣ ಕೊಂಕು ಸಮೇತ. ಬರೆದ ಮೇಲೆ ಎಷ್ಟು ಚೆನ್ನಾಗಿ ಬಂದಿದೆ ಅಂತ ಹಾಳೆಯನ್ನು ದೂರ ಹಿಡಿದು ನೋಡಿ ನಕ್ಕಿದ್ದೆ ಕೂಡ. ಮುಂದೆ ನಾನು ಬೇರೆಯವರ ಮೇಲೆ ಸಿಕ್ಕಾಪಟ್ಟೆ ರೇಗುವುದಿದೆ, ಆದ್ದರಿಂದ ನನ್ನ ಪಾಲಿನದನ್ನು ಬಾಗಿಲಲ್ಲೇ ಇಳಿಸಿಟ್ಟು ಒಳಗೆ ಬರುತ್ತಿದ್ದೇನೆ.

ಹೋದ ತಿಂಗಳು ಡಲ್ಲಾಸ್ ಹತ್ತಿರದ ಲೂಯಿಸ್‌ವಿಲ್‌ನ ಅಪಾರ್ಟ್‌ಮೆಂಟ್ ಖಾಲಿ ಮಾಡಿ ಮೆಕಿನ್ನಿಗೆ ಶಿಫ್ಟ್ ಆದೆವು. ಗರಾಜಿನಲ್ಲಿ ಡಬ್ಬ ಬಿಚ್ಚುವಾಗ ಹಳೇ ಕೇಬಲ್‌ಗಳ ನಡುವೆ ಒಂದು ಹಸಿರು ರಬ್ಬರ್ ಪಟ್ಟಿ ಸಿಕ್ಕಿತು. ಒಂದೂವರೆ ಅಡಿ ಉದ್ದ, ಒಳಗೆ ಸೀಸದ ಸರಳು. ಹೇಗೆ ಬಗ್ಗಿಸಿದರೆ ಹಾಗೇ ನಿಲ್ಲುತ್ತದೆ, ಡ್ರಾಯಿಂಗ್ ಮಾಡುವವರು ಡೊಂಕು ಗೆರೆ ಎಳೆಯಲು ಇಟ್ಟುಕೊಳ್ಳುವಂಥದ್ದು. ಟೆಕ್ಸಸ್ಸಿನ ಸೆಕೆಗೆ ಬೆಂದು, ಹೊಸ ಹವಾಯಿ ಚಪ್ಪಲಿಯ ವಾಸನೆ ಬರುತ್ತಿತ್ತು. ಹೆಂಡತಿ ಎರಡು ಹೆಜ್ಜೆ ಹಿಂದೆ ಸರಿದು "ಇದೇನು, ಹಾವಾ?" ಅಂದಳು. "ಅಲ್ಲ, ಮೇಡಂ ಅವರದು. ಒಂದು ದಿನಕ್ಕೆ ಅಂತ ಇಸಕೊಂಡು ಬಂದಿದ್ದೆ" ಅಂದೆ. ಅವಳು ಮುಂದಿನ ಡಬ್ಬಕ್ಕೆ ಹೋದಳು. ನಾನು ಮಾತ್ರ ಆ ಪಟ್ಟಿ ಹಿಡಿದುಕೊಂಡು ಡಬ್ಬದ ಮೇಲೇ ಕೂತುಬಿಟ್ಟೆ...

ಅದು ಎರಡು ಸಾವಿರದ ಇಸವಿಯ ಆಸುಪಾಸು. ಹೊಸ ಶತಮಾನಕ್ಕೆ ಕಾಲಿಟ್ಟ ಕೂಡಲೇ ಕಂಪ್ಯೂಟರುಗಳೆಲ್ಲ ಕುಸಿಯುತ್ತವೆ ಅಂತ ಊರನ್ನೆಲ್ಲ ಹೆದರಿಸಿ, ಏನೂ ಆಗದೆ, ನಮ್ಮಂಥವರು ಸ್ವಲ್ಪ ಮುಖ ಸಣ್ಣ ಮಾಡಿಕೊಂಡಿದ್ದ ಕಾಲ. ಉಕ್ಕಿನ ಹಲಗೆ, ತೊಲೆ, ಪೈಪುಗಳ ಮೇಲೆ ಭಾರ ಬಿದ್ದರೆ ಎಷ್ಟು ಬಗ್ಗುತ್ತವೆ, ಎಲ್ಲಿ ಮುರಿಯುತ್ತವೆ ಅಂತ ಲೆಕ್ಕ ಹಾಕುವ ಸಾಫ್ಟ್‌ವೇರ್ ಮಾಡುವ ಒಂದು ಚಿಕ್ಕ ಕಂಪನಿಯಲ್ಲಿ ನಾನಿದ್ದೆ. ಹೆಡ್ ಆಫೀಸ್ ಆಸ್ಟಿನ್‌ನಲ್ಲಿ, ಗಿರಾಕಿಗಳು ಹೆಚ್ಚಾಗಿ ಹ್ಯೂಸ್ಟನ್‌ನಲ್ಲಿ, ಕೆಲಸ ಮಾಡುವ ನಾವು ಇಪ್ಪತ್ತು ಜನ ಡಲ್ಲಾಸ್ ಪಕ್ಕದಲ್ಲಿ, ಒಬ್ಬ ಹಲ್ಲಿನ ಡಾಕ್ಟರ ಕ್ಲಿನಿಕ್ಕಿನ ಮೇಲಿನ ಮಹಡಿಯಲ್ಲಿ. ಕೆಳಗೆ ಅವರು ಕೊರೆಯುತ್ತಿದ್ದರು, ಮೇಲೆ ನಮ್ಮ ಮ್ಯಾನೇಜರ್.

ಮ್ಯಾನೇಜರ್ ಬೆಂಗಳೂರಿನ ಜಯನಗರದವರು. ಮೇಡಂ ಧಾರವಾಡದವರು, ಅಲ್ಲಿನ ಕಾಲೇಜೊಂದರಲ್ಲಿ ಗಣಿತ ಕಲಿಸಿ ಬಂದವರು, ಐವತ್ತು ದಾಟಿತ್ತು. ಆಫೀಸಿನಲ್ಲಿ ಎಲ್ಲರೂ ಎಲ್ಲರನ್ನೂ ಹೆಸರು ಹಿಡಿದೇ ಕರೆಯುವ ಪದ್ಧತಿ. ಅವರನ್ನು ಮಾತ್ರ ಕನ್ನಡದವರಾದ ಮ್ಯಾನೇಜರ್, ನಾನು ಇಬ್ಬರೂ ಮೇಡಂ ಅನ್ನುತ್ತಿದ್ದೆವು. ದೇವಸ್ಥಾನದಲ್ಲಿ ಸಿಕ್ಕಿದ್ದರೆ ಆಂಟಿ ಅನ್ನುತ್ತಿದ್ದೆನೋ ಏನೋ. ಕೋಡಿನ ತಪ್ಪನ್ನು ಪೆನ್ಸಿಲ್ಲಿನಲ್ಲಿ ಹಿಡಿದು ಹಾಕುವವರನ್ನು ಆಂಟಿ ಅನ್ನಲು ನಾಲಗೆ ಏಳುತ್ತಿರಲಿಲ್ಲ.

ಅವರ ಕೆಲಸವೇ ಅದು. ಸಾಫ್ಟ್‌ವೇರ್ ಜೊತೆಗೆ ನಾವು ಗಿರಾಕಿಗೆ ಒಂದು ದಪ್ಪ ಪುಸ್ತಕ ಕೊಡುತ್ತಿದ್ದೆವು. ಕಂಪ್ಯೂಟರ್ ಕೊಡುವ ಪ್ರತಿಯೊಂದು ಬಗೆಯ ಉತ್ತರಕ್ಕೂ ಅದರಲ್ಲಿ ಒಂದೊಂದು ಪುಟ. ಎಡಗಡೆ ಕಂಪ್ಯೂಟರ್ ಹೇಳಿದ ಸಂಖ್ಯೆ, ಬಲಗಡೆ ಮನುಷ್ಯರು ಕೈಯಲ್ಲಿ ತೆಗೆದ ಸಂಖ್ಯೆ. ಎರಡೂ ತಾಳೆಯಾದರೆ ಮಾತ್ರ ಕೆಳಗಿನ ಚೌಕದಲ್ಲಿ ಮೇಡಂ ಇನಿಶಿಯಲ್ ಹಾಕುತ್ತಿದ್ದರು. ಆ ಎರಡಕ್ಷರ ಬೀಳುವವರೆಗೆ ಪುಟ ಪ್ರೆಸ್ಸಿಗೆ ಹೋಗುವ ಹಾಗಿಲ್ಲ. ಸ್ಟೇಪ್ಲರ್ ಪಕ್ಕದ ಡಬ್ಬಿಯಿಂದ ಒಂದೊಂದೇ ಮುಷ್ಟಿ ಚುರುಮರಿ ಬಾಯಿಗೆ ಹಾಕಿಕೊಳ್ಳುತ್ತಾ, ಹಳದಿ ಹಾಳೆಯ ಮೇಲೆ ದಿನಗಟ್ಟಲೆ ಬರೆಯುತ್ತಿದ್ದರು. ನಾನು ಹೋಗಿ "ಮೇಡಂ, ಉತ್ತರ ಸರಿ ಇದೆ" ಅಂದರೆ ಕನ್ನಡಕವನ್ನು ನೆತ್ತಿಗೆ ಏರಿಸಿ, "ತಗದು ನೋಡೀ ಏನಪಾ, ಇಲ್ಲಾ ನೋಡಿ ಅಂದೀ?" ಅನ್ನುತ್ತಿದ್ದರು. ನೀನೇ ಲೆಕ್ಕ ಮಾಡಿ ತೆಗೆದೆಯೋ, ಬರೀ ಕಣ್ಣಲ್ಲಿ ನೋಡಿ ಹೇಳಿದೆಯೋ ಅಂತ.

ಇಂಥ ಮಾತನ್ನು ಬಿಡುವ ಪೈಕಿಯೇ ನಾನು? ಎರಡನೇ ವಾರಕ್ಕೇ ಆ ಸಾಲು ನನ್ನ ಬಾಯಲ್ಲಿ ಕೂತಿತ್ತು. ಮ್ಯಾನೇಜರ್ ಗಂಟಲು ಸರಿ ಮಾಡಿಕೊಳ್ಳುವುದು, ಆಸ್ಟಿನ್ ಡೈರೆಕ್ಟರ್ ಫೋನಿನಲ್ಲಿ ಒಂದೊಂದು ಪದವನ್ನೂ ಚೂಯಿಂಗ್ ಗಮ್ಮಿನ ಹಾಗೆ ಎಳೆಯುವುದು, ಮೈಸೂರಿನವನಾದ ನಾನೇ ಸಿಟ್ಟು ಬಂದಾಗಲೂ ಕ್ಷಮೆ ಕೇಳುವ ದನಿಯಲ್ಲಿ ಬೈಯುವುದು... ಎಲ್ಲ ಇತ್ತು ನನ್ನ ಮಿಮಿಕ್ರಿ ಪಟ್ಟಿಯಲ್ಲಿ. ಆದರೆ ಊಟದ ಹೊತ್ತಲ್ಲಿ ಬೇಡಿಕೆ ಇದ್ದದ್ದು ಮೇಡಂ ಐಟಂಗೆ. ಒಂದು ದಿನ ಮಾಡುತ್ತಿದ್ದಾಗ ಹಿಂದೆ ಅವರೇ ಬಂದು ನಿಂತಿದ್ದರು. ಎಲ್ಲರೂ ಬಾಯಿ ಮುಚ್ಚಿದರು. ಮೇಡಂ ಪೂರ್ತಿ ನೋಡಿ, "ಧ್ವನಿ ಬರೋಬರಿ ಅದ. ಕನ್ನಡಕ ಎತ್ತೂದು ಎಡಗೈಲೆ" ಅಂದು ಹೋದರು. ನನ್ನ ಮಿಮಿಕ್ರಿಯನ್ನೂ ವೆರಿಫೈ ಮಾಡಿದ ಒಬ್ಬರೇ ಅವರು. ಬರ್ತ್‌ಡೇ ಕಾರ್ಡುಗಳಲ್ಲಿ ಅವರ ಇನಿಶಿಯಲ್ ನಕಲು ಮಾಡಿ ನಗಿಸುವುದನ್ನೂ ಆಮೇಲೆ ಶುರು ಮಾಡಿದೆ. ಮ್ಯಾನೇಜರ್ ಆವಾಗ ಎಲ್ಲರಿಗಿಂತ ಜಾಸ್ತಿ ನಕ್ಕಿದ್ದರು. ಅದನ್ನು ನಾನು ಗಮನಿಸಬೇಕಿತ್ತು.

ಆ ಹಸಿರು ಪಟ್ಟಿಯಿಂದಲೇ ಅವರು ನನಗೆ ಪಾಠ ಮಾಡಿದ್ದು. ಎರಡು ಪುಸ್ತಕಗಳ ಮೇಲೆ ಅದನ್ನು ಸೇತುವೆಯ ಹಾಗೆ ಇಟ್ಟು ನಡುವೆ ಬೆರಳಿಂದ ಒತ್ತಿದರು. "ಎಷ್ಟು ಕೆಳಗ ಹೋತು, ಅದು ಮೊದಲನೇ ಪ್ರಶ್ನೆ. ಅದರ ಡೆರಿವೇಟಿವ್, ಅಂದ್ರ ಜಾಗದಿಂದ ಜಾಗಕ್ಕ ಹೆಂಗ ಬದಲಾಗತದ ಅನ್ನೂದು, ತಗದ್ರ ಇಳಿಜಾರು. ಅದರದ್ದು ಮತ್ತ ತಗದ್ರ ಎಷ್ಟು ಬಾಗೇದ ಅನ್ನೂದು. ಮತ್ತೊಮ್ಮೆ, ಮೂರನೇದ್ದು ತಗದ್ರ, ಈ ಪುಸ್ತಕದ ಅಂಚಿಗೆ ಅದು ಕತ್ತರಿಸಿ ಹೋಗ್ತದೋ ಇಲ್ಲೋ ಅನ್ನೂದು. ಹಲಗಿ ನಡಕ ಬಾಗೂದು ಎಲ್ಲಾರಿಗೂ ಕಾಣತದ. ಅಂಚಿಗೆ ಕತ್ತರಿಸೂದು ಕಾಣೂದಿಲ್ಲ."

ಕಷ್ಟ ಏನೆಂದರೆ, ನಮ್ಮ ಸಾಫ್ಟ್‌ವೇರ್ ಇಡೀ ಹಲಗೆಯನ್ನು ಒಟ್ಟಿಗೆ ನೋಡುವುದಿಲ್ಲ. ಕೌದಿಯ ಹಾಗೆ ಸಣ್ಣ ಸಣ್ಣ ತುಂಡು ಮಾಡಿ, ಒಂದೊಂದು ತುಂಡಿಗೂ ಒಂದು ಸುಲಭದ ಸೂತ್ರ ಹಾಕಿ, ಅಂಚಿಗೆ ಅಂಚು ಹೊಲಿಯುತ್ತದೆ. ಎತ್ತರ ಕೂಡುತ್ತದೆ, ಇಳಿಜಾರೂ ಕೂಡುತ್ತದೆ. ಎರಡನೇ ಡೆರಿವೇಟಿವ್ ತೆಗೆದರೆ ಹೊಲಿಗೆ ಇದ್ದಲ್ಲೆಲ್ಲ ಮೆಟ್ಟಿಲು ಏಳುತ್ತದೆ. ಮೂರನೆಯದು ತೆಗೆದರೆ ಒಂದು ತುಂಡು ಪೂರ್ವಕ್ಕೆ, ಪಕ್ಕದ್ದು ಪಶ್ಚಿಮಕ್ಕೆ. ಇದು ಯಾರ ತಪ್ಪೂ ಅಲ್ಲ, ಆ ವಿಧಾನದ ಸ್ವಭಾವವೇ ಹಾಗೆ. ತಪ್ಪು ಶುರುವಾಗುವುದು ಅದನ್ನು ಮುಚ್ಚಿಡಲು ಹೊರಟಾಗ.

ಹ್ಯೂಸ್ಟನ್‌ನ ಒಬ್ಬ ಗಿರಾಕಿಗೆ ಬೇಕಾಗಿದ್ದದ್ದು ಸರಿಯಾಗಿ ಆ ಮೂರನೆಯದೇ. ಕೆಲಸಗಾರರು ಓಡಾಡುವ ದೊಡ್ಡ ಉಕ್ಕಿನ ಅಟ್ಟ ಕಟ್ಟುತ್ತಿದ್ದರು, ಕಂಬದ ಮೇಲೆ ಕೂರುವ ಅಂಚಿನಲ್ಲಿ ಎಷ್ಟು ದಪ್ಪದ ಹಲಗೆ ಬೇಕು ಅಂತ ನೋಡಬೇಕಿತ್ತು. ಮ್ಯಾನೇಜರ್ "ಎರಡು ವಾರದಲ್ಲಿ ತೋರಿಸ್ತೀವಿ" ಅಂತ ಮಾತು ಕೊಟ್ಟು, ಕೆಲಸ ನನ್ನ ತಲೆಗೆ ಕಟ್ಟಿದರು. ನಾನೋ, ಬುದ್ಧಿವಂತ. ಅಕ್ಕಪಕ್ಕದ ತುಂಡುಗಳ ಸಂಖ್ಯೆ ಕೂಡಿಸಿ ಸರಾಸರಿ ತೆಗೆದೆ, ಆ ಸರಾಸರಿಯ ಡೆರಿವೇಟಿವ್ ತೆಗೆದೆ, ಅದರದ್ದೂ ಮತ್ತೆ ಸರಾಸರಿ. ಮೆಟ್ಟಿಲೆಲ್ಲ ಮಾಯ. ಪರದೆಯ ಮೇಲೆ ಹೆಚ್ಚು ಒತ್ತಡದ ಕೆಂಪು ಹಳದಿಗೆ, ಹಳದಿ ಹಸಿರಿಗೆ, ಹಸಿರು ಕಡಿಮೆ ಒತ್ತಡದ ನೀಲಿಗೆ ಇಳಿಯುತ್ತಾ ಮೈಸೂರು ಸಿಲ್ಕ್ ಸೀರೆ ಹರಡಿದ ಹಾಗೆ ಚಿತ್ರ ಬಂತು. ಮ್ಯಾನೇಜರ್ ನನ್ನ ಬೆನ್ನು ತಟ್ಟಿ, "ಸೂಪರ್ ಗುರೂ, ಗಿರಾಕಿ ಬಿದ್ದೋಗ್ತಾನೆ" ಅಂದರು.

ಮೇಡಂ ಚಿತ್ರ ನೋಡಲಿಲ್ಲ, ಅಂಚಿನ ಒಂದು ಸಂಖ್ಯೆ ಕೇಳಿದರು. ಹಳದಿ ಹಾಳೆ ತೆಗೆದರು. ಅವರು ತೆಗೆದ ಸಂಖ್ಯೆಯ ಅರ್ಧಕ್ಕಿಂತ ಚೂರು ಜಾಸ್ತಿ ಇತ್ತು ನನ್ನದು. ಎಲ್ಲಿ ಒತ್ತಡ ಅತಿ ಹೆಚ್ಚಿರಬೇಕೋ ಅಲ್ಲೇ ನನ್ನ ಸೀರೆ ತಣ್ಣಗೆ ನೀಲಿಯಾಗಿತ್ತು. ನಡುವಿನ ತುಂಡಿಗೆ ಎರಡೂ ಕಡೆ ನೆರೆಯವರಿದ್ದಾರೆ, ಅಂಚಿನ ತುಂಡಿಗೆ ಆಚೆ ಕಡೆ ಯಾರೂ ಇಲ್ಲ, ಸರಾಸರಿ ಯಾರ ಜೊತೆ? ತುಂಡುಗಳನ್ನು ಇನ್ನೂ ಸಣ್ಣದು ಮಾಡಿಸಿ ನೋಡಿದರು, ಬೇರೆ ಸಂಖ್ಯೆ. ಇನ್ನೂ ಸಣ್ಣದು, ಮತ್ತೊಂದು ಸಂಖ್ಯೆ.

"ತಮ್ಮಾ, ಕೇಳಿದಾಗೊಮ್ಮೆ ಬ್ಯಾರೆ ಹೇಳೂದಕ್ಕ ಉತ್ತರ ಅನ್ನೂದಿಲ್ಲಪಾ" ಅಂದರು.

ಸರಿದಾರಿಯನ್ನೂ ಅವರೇ ಹೇಳಿದರು. ಮೂರನೆಯದನ್ನು ಎರಡನೆಯದರಿಂದ ಎಳೆಯುವುದೇ ಬೇಡ, ಮೇಲೆ ಬಿದ್ದ ಭಾರಕ್ಕೂ ಕೆಳಗೆ ಕಂಬ ಹೊರುವುದಕ್ಕೂ ತಾಳೆ ಹಾಕಿ ಬೇರೆ ಮಾರ್ಗದಿಂದ ತೆಗೆಯಬೇಕು. ಬರೆದು, ಪರೀಕ್ಷಿಸಿ, ಕೈಲೆಕ್ಕದ ಜೊತೆ ಹೋಲಿಸಲು ಆರು ವಾರ. ಮ್ಯಾನೇಜರ್ ಗಂಟಲು ಸರಿ ಮಾಡಿಕೊಂಡು, "ಮೇಡಂ, ಇದು ನಿಮ್ಮ ಕಾಲೇಜಲ್ಲ, ಕಂಪನಿ" ಅಂದರು. ಮೇಡಂ, "ಹಂಗಾದ್ರ ಆ ಪುಟ ಬಿಟ್ಟು ಉಳದ ಪುಸ್ತಕ ಕಳಸ್ರಿ" ಅಂದು ತಮ್ಮ ಜಾಗಕ್ಕೆ ಹೋದರು.

ಆ ಶುಕ್ರವಾರ ಮೇಡಂ ರಜಾ ಹಾಕಿದ್ದರು. ಪುಸ್ತಕ ಸಂಜೆ ಪ್ರೆಸ್ಸಿಗೆ ಹೋಗಬೇಕು. ಮ್ಯಾನೇಜರ್ ನನ್ನ ಜಾಗಕ್ಕೆ ಬಂದು ಮೂರನೇ ಡೆರಿವೇಟಿವ್ ಪುಟವನ್ನು ಮುಂದಿಟ್ಟರು. ಬಲಗಡೆ ಕೈಲೆಕ್ಕದ ಜಾಗದಲ್ಲಿ ನನ್ನ ಕಂಪ್ಯೂಟರಿನ ಸಂಖ್ಯೆಯನ್ನೇ, ಕೊನೆಯ ಅಂಕಿ ಒಂದಿಷ್ಟು ಬದಲಿಸಿ, ತಾವೇ ತುಂಬಿದ್ದರು. ಚೌಕ ಖಾಲಿ ಇತ್ತು.

"ನಿನ್ ಕಾರ್ಡ್ ಐಟಂ ಇದ್ಯಲ್ಲ, ಹಾಕ್ಬಿಡು. ಸೋಮವಾರ ನಾನೇ ಮೇಡಂ ಹತ್ರ ಮಾತಾಡ್ತೀನಿ."

ನಾನು ಒಂದು ಪ್ರಶ್ನೆಯನ್ನೂ ಕೇಳದೆ ಹಾಕಿಬಿಟ್ಟೆ. ಹೆದರಿಕೆಯಿಂದ ಅಂತ ಹೇಳಿಕೊಳ್ಳಬಹುದಿತ್ತು, ಅದೂ ನಿಜವಲ್ಲ. ನನ್ನ ಕೈಚಳಕಕ್ಕೆ ಒಬ್ಬ ಪ್ರೇಕ್ಷಕ ಸಿಕ್ಕಿದ್ದ, ಅಷ್ಟೇ. ಸೋಮವಾರ ಅವರು ಮಾತಾಡಲೂ ಇಲ್ಲ, ನಾನು ನೆನಪಿಸಲೂ ಇಲ್ಲ.

ಮುಂದಿನ ವಾರ ನಾವು ಮೂವರೂ ಹ್ಯೂಸ್ಟನ್‌ಗೆ ಹೊರಟೆವು. ಆ ಗಿರಾಕಿಯ ಕಡೆ ಇದ್ದ ಮುದುಕ ಎಂಜಿನಿಯರ್‌ಗೆ ಮೇಡಂ ಬರಲೇಬೇಕು. ನಾಲ್ಕು ಗಂಟೆಯ ದಾರಿ, ಮ್ಯಾನೇಜರ್ ಡ್ರೈವ್ ಮಾಡುತ್ತಿದ್ದರು. ಹಿಂದಿನ ಸೀಟಿನಿಂದ ನಾನು ಡೈರೆಕ್ಟರನ್ನು ಮಾಡಿ ತೋರಿಸಿದೆ, ಮೇಡಂ ಚುರುಮರಿ ಡಬ್ಬಿ ಹಿಂದಕ್ಕೆ ಚಾಚಿ ಕಣ್ಣಲ್ಲಿ ನೀರು ಬರುವಷ್ಟು ನಕ್ಕರು. ಆ ನಗು ನೆನೆದರೆ ಈಗಲೂ ನನಗೆ...

ಹ್ಯೂಸ್ಟನ್‌ನಲ್ಲಿ ನನ್ನ ಸಿಲ್ಕ್ ಸೀರೆಯನ್ನು ಗೋಡೆಯ ಮೇಲೆ ಹರಡಿದೆವು. ಮುದುಕ ಅದನ್ನು ನೋಡಲೂ ಇಲ್ಲ. ಪುಸ್ತಕ ಎಳೆದುಕೊಂಡು ನೇರ ಆ ಪುಟಕ್ಕೆ ಹೋದ, ಕೆಳಗಿನ ಚೌಕದ ಮೇಲೆ ಬೆರಳಿಟ್ಟ. ಅವನ ಮಾತು ಹೀಗಿತ್ತು: "ಇದು ಯಾವಾಗಲೂ ನನಗೆ ತಲೆನೋವಿನ ಸಂಖ್ಯೆ. ಇವರು ನೋಡಿದ್ದಾರೆ ಅಂದಮೇಲೆ ನಾನು ಮತ್ತೆ ನೋಡುವ ಅಗತ್ಯ ಇಲ್ಲ. ಇದರ ಮೇಲೇ ಹಲಗೆ ಆರ್ಡರ್ ಮಾಡುತ್ತೇನೆ."

ಮೇಡಂ ಕೈ ಚಾಚಿ ಪುಸ್ತಕ ಇಸಿದುಕೊಂಡರು. ಎಡಗೈಯಿಂದ ಕನ್ನಡಕ ನೆತ್ತಿಗೇರಿತು. ಅವರು ಆ ಎರಡಕ್ಷರವನ್ನು ನೋಡಿದಷ್ಟು ಹೊತ್ತು ಯಾವ ಲೆಕ್ಕವನ್ನೂ ನೋಡಿದ್ದು ನನಗೆ ನೆನಪಿಲ್ಲ. ಆಮೇಲೆ ನಿಧಾನವಾಗಿ ಇಂಗ್ಲಿಷಿನಲ್ಲಿ, ಈ ಪುಟ ನಾನು ನೋಡಿದ್ದಲ್ಲ, ಈ ಅಕ್ಷರ ನನ್ನದಲ್ಲ, ಈ ಸಂಖ್ಯೆ ತಪ್ಪು, ಇದರ ಮೇಲೆ ಯಾವ ಹಲಗೆಯನ್ನೂ ತರಿಸಬೇಡಿ ಅಂದರು. ಮ್ಯಾನೇಜರ್ ನಕ್ಕು, ಪ್ರೆಸ್ಸಿನವರ ಎಡವಟ್ಟು ಅಂದರು. ಮುದುಕ ಪುಸ್ತಕ ವಾಪಸ್ ಎಳೆದುಕೊಂಡು ಮುಚ್ಚಿದ.

ವಾಪಸ್ ಬರುವಾಗ ಪೆಟ್ರೋಲಿಗೆ ನಿಲ್ಲಿಸಿದೆವು. ಮ್ಯಾನೇಜರ್ ಒಳಗೆ ಹೋಗಿದ್ದಾಗ ಮೇಡಂ ಹಿಂದೆ ತಿರುಗದೆಯೇ ಕೇಳಿದರು, "ನೀನ ಬರದೀ?"

"ಹೌದು ಮೇಡಂ. ಅವರು ಹೇಳಿದ್ರು ಅಂತ..."

"ಅವರು ಹೇಳಿದ್ದು ಕೇಳಿಲ್ಲ ನಾ" ಅಂದರು.

ಹತ್ತು ದಿನಕ್ಕೆ ಆಸ್ಟಿನ್‌ನಿಂದ ಕರೆ ಬಂತು. ಗಾಜಿನ ಗೋಡೆಯ ಕೋಣೆ, ಉದ್ದನೆಯ ಮೇಜಿನ ತುದಿಯಲ್ಲಿ ಡೈರೆಕ್ಟರ್. ಸುಳ್ಳು ಸಹಿ ಹಾಕಿಸಿದ್ದು ಯಾರು ಅಂತ ಕೇಳಲು ಕರೆಸಿದ್ದಾರೆ ಅಂದುಕೊಂಡಿದ್ದೆ, ಅಷ್ಟು ಎಳಸು ನಾನು. ವಿಚಾರಣೆ ಇದ್ದದ್ದು, ಗಿರಾಕಿಯ ಎದುರು ಕಂಪನಿಯ ಮಾನ ಕಳೆದದ್ದು ಯಾಕೆ ಅಂತ, ಮೇಡಂ ಮೇಲೆ! ಮೇಡಂ ಫೋನಿನಲ್ಲಿ ಒಪ್ಪಿಗೆ ಕೊಟ್ಟಿದ್ದರು, ಆಮೇಲೆ ಮರೆತರು, ವಯಸ್ಸು ನೋಡಿ ಅಂತ ಮ್ಯಾನೇಜರ್ ಮುಖದ ಒಂದು ಸ್ನಾಯು ಅಲುಗದೆ ಹೇಳಿದರು. ಡೈರೆಕ್ಟರ್ ನನ್ನ ಕಡೆ ತಿರುಗಿ, ನಿನಗೆ ಗೊತ್ತಾ ಅಂತ ಕೇಳಿದರು. ಊರಿನವರೆಲ್ಲರ ದನಿಯಲ್ಲಿ ಮಾತಾಡಬಲ್ಲ ನನಗೆ ನನ್ನದೇ ದನಿ ಹೊರಡಲಿಲ್ಲ. ಸಹಿ ನಾನೇ ಹಾಕಿದ್ದು ಅಂತಷ್ಟೇ ಅಂದೆ. ಯಾರು ಹೇಳಿದ್ದು ಅಂತ ಅವರು ಕೇಳಲಿಲ್ಲ, ಕೇಳದಿದ್ದುದನ್ನು ನಾನು ಹೇಳಲಿಲ್ಲ. ಮೇಡಂ ಪೆಟ್ರೋಲ್ ಬಂಕಿನಲ್ಲಿ ಕಲಿಸಿದ ಪಾಠವನ್ನು, ಅವರನ್ನು ಉಳಿಸಬೇಕಾದಲ್ಲೇ, ತಲೆಕೆಳಗಾಗಿ ಒಪ್ಪಿಸಿ ಕೂತೆ.

ಕೊನೆಗೆ ಡೈರೆಕ್ಟರ್ ಉದಾರವಾಗಿ ಒಂದು ದಾರಿ ತೋರಿಸಿದರು. ಮೇಡಂ ಈಗಲೇ ಆ ಪುಟಕ್ಕೆ ತಮ್ಮ ಕೈಯಾರೆ ಇನಿಶಿಯಲ್ ಹಾಕಲಿ, ಹ್ಯೂಸ್ಟನ್‌ಗೆ ಹೊಸ ಪ್ರತಿ ಹೋಗಲಿ, ಸಂಖ್ಯೆಯನ್ನು ಮುಂದಿನ ವರ್ಷನ್ನಿನಲ್ಲಿ ನೋಡಿಕೊಳ್ಳೋಣ, ಎಲ್ಲರ ಕೆಲಸವೂ ಉಳಿಯುತ್ತದೆ. ಪೆನ್ನು ಮೇಜಿನ ಮೇಲೆ ಉರುಳುತ್ತಾ ಬಂತು. ಮೇಡಂ ಮುಟ್ಟಲಿಲ್ಲ. ಮ್ಯಾನೇಜರ್ ಡೈರೆಕ್ಟರಿಗೆ ತಿಳಿಯದಿರಲಿ ಅಂತ ಕನ್ನಡದಲ್ಲಿ ಏನೋ ಗೊಣಗಿದರು. ಮೇಡಂ ಕನ್ನಡದಲ್ಲೇ ಉತ್ತರ ಕೊಟ್ಟು ಎದ್ದು ನಿಂತರು. ಏನಂದರು ಅಂತ ಡೈರೆಕ್ಟರ್ ನನ್ನನ್ನು ಕೇಳಿದರು. "ಟೈಮ್ ಬೇಕಂತೆ" ಅಂದೆ.

ಮುಂದಿನ ತಿಂಗಳು ರೀಸ್ಟ್ರಕ್ಚರಿಂಗ್ ಅಂತ ಆಯಿತು. ಇಪ್ಪತ್ತು ಜನರಲ್ಲಿ ಸ್ಟ್ರಕ್ಚರ್ ಬದಲಾದದ್ದು ಒಬ್ಬರದೇ. ಮೇಡಂ ಚುರುಮರಿ ಡಬ್ಬಿ, ಹಳದಿ ಹಾಳೆಗಳನ್ನು ಒಂದು ರಟ್ಟಿನ ಪೆಟ್ಟಿಗೆಗೆ ಹಾಕಿಕೊಂಡು ಹೋದರು. ಹ್ಯೂಸ್ಟನ್‌ನ ಮುದುಕ ಕೈಯಲ್ಲೇ ಲೆಕ್ಕ ಹಾಕಿ, ಅಂಚಿಗೆ ದಪ್ಪ ಹಲಗೆ ತರಿಸಿ ಅಟ್ಟ ಕಟ್ಟಿದ. ಅಟ್ಟ ಗಟ್ಟಿಯಾಗಿ ನಿಂತಿತು. ಅದನ್ನೇ ಹಿಡಿದುಕೊಂಡು ನಮ್ಮ ಮ್ಯಾನೇಜರ್ ವರ್ಷವಿಡೀ, "ನೋಡಿ, ಅಷ್ಟು ರಂಪ ಮಾಡಿದ್ರು, ಏನಾದ್ರೂ ಆಯ್ತಾ?" ಅನ್ನುತ್ತಾ ಓಡಾಡಿದರು. ಏನೂ ಆಗದೇ ಇದ್ದದ್ದು ಯಾರಿಂದ ಅಂತ ಒಬ್ಬನೂ ಬಾಯಿ ಬಿಡಲಿಲ್ಲ, ನನ್ನನ್ನೂ ಸೇರಿಸಿ. ಅಟ್ಟ ಬಿದ್ದಿದ್ದರೆ ಮೇಡಂ ಹೇಳಿದ್ದು ಸರಿ ಅಂತ ಆಗುತ್ತಿತ್ತಂತೆ! ಜನ ಸಾಯದೆ ಉಳಿದದ್ದು ಒಬ್ಬ ಹೆಂಗಸಿನ ತಪ್ಪಿಗೆ ಸಾಕ್ಷಿಯಾಗುವ ಆಫೀಸನ್ನು ನಾನು ಮತ್ತೆಲ್ಲೂ ನೋಡಿಲ್ಲ. ಮ್ಯಾನೇಜರ್ ಈಗ ಆಸ್ಟಿನ್‌ನಲ್ಲಿ ವೈಸ್ ಪ್ರೆಸಿಡೆಂಟ್. ನನ್ನ ಸರಾಸರಿ ಅವರ ಜಾಹೀರಾತಿನಲ್ಲಿ ಮೊದಲ ಪುಟದ ಚಿತ್ರ. ನಾನು ವರ್ಷದ ಮೇಲೆ ಕೆಲಸ ಬಿಟ್ಟೆ. ಬಿಟ್ಟದ್ದನ್ನು ಪ್ರತಿಭಟನೆ ಅಂತ ಕೆಲವರ ಹತ್ತಿರ ಹೇಳಿಕೊಂಡಿದ್ದೇನೆ. ನಿಜವಾಗಿ ಬೇರೆ ಕಡೆ ಒಳ್ಳೇ ಕೆಲಸ ಸಿಕ್ಕಿತ್ತು.

ಮೇಡಂ ತೀರಿಕೊಂಡು ಒಂದು ವರ್ಷವಾಯಿತು. ಮೊನ್ನೆ ಭಾನುವಾರ ಕಾಪೆಲ್‌ನ ಅವರ ಮನೆಯಲ್ಲಿ ವರ್ಷದ ತಿಥಿಯ ಊಟ. ಅವರಿರುವಾಗ ಇಪ್ಪತ್ತು ನಿಮಿಷದ ದಾರಿಯನ್ನು ಏಳು ವರ್ಷ ಡ್ರೈವ್ ಮಾಡದವನು, ಅವರಿಲ್ಲದ ಮನೆಗೆ ಸರಿಯಾದ ಸಮಯಕ್ಕೆ ಹೋಗಿ ಎಲೆ ಮುಂದೆ ಕೂತೆ. ಊಟವಾದ ಮೇಲೆ ಮಗಳು ಬಂದು ಪಕ್ಕದಲ್ಲಿ ಕುಳಿತಳು. ಕನ್ನಡ ಎಲ್ಲ ಅರ್ಥವಾಗುತ್ತದೆ, ಮಾತು ಇಂಗ್ಲಿಷಿನಲ್ಲೇ. ಅಮ್ಮ ಆಸ್ಟಿನ್‌ನಿಂದ ಬಂದ ಸಂಜೆ ಏನೂ ಹೇಳಲಿಲ್ಲ, ಆಮೇಲೂ ಹೇಳಲಿಲ್ಲ, ಆ ಕೋಣೆಯಲ್ಲಿ ನೀವಿದ್ದಿರಲ್ಲ, ಅಮ್ಮ ಕೊನೆಗೆ ಏನಂದಳು ಅಂತ ಕೇಳಿದಳು. ಸ್ವಲ್ಪ ತಡೆದು, "ನೀವು ಅಮ್ಮನ ಥರಾನೇ ಮಾತಾಡ್ತಿದ್ರಂತೆ" ಅಂತ ಕಷ್ಟಪಟ್ಟು ಕನ್ನಡದಲ್ಲಿ ಅಂದಳು.

ಆ ದನಿ ನಾನು ಹ್ಯೂಸ್ಟನ್ ಆದ ಮೇಲೆ ತೆಗೆದಿರಲಿಲ್ಲ. ಇನ್ನು ಆ ದನಿ ಇರುವುದು ನನ್ನ ಗಂಟಲಲ್ಲಿ ಮಾತ್ರ, ಅದೂ ನಕಲು. ಮೊದಲು ಮ್ಯಾನೇಜರ್ ಹಾಗೆ ಗಂಟಲು ಸರಿ ಮಾಡಿಕೊಂಡು ಅವರ ಗೊಣಗಾಟ ಹೇಳಿದೆ: "ಎರಡಕ್ಷರ ಮೇಡಂ, ಬರಿಯೋಕೆ ಎಷ್ಟು ಹೊತ್ತು ಬೇಕು ನಿಮಗೆ?" ಆಮೇಲೆ ಕೈಯನ್ನು ನೆತ್ತಿಯ ಕಡೆ ಒಯ್ದು, ಒಂದು ಪದ ಆಚೀಚೆ ಆಗದ ಹಾಗೆ, ಮೇಡಂ ಅಂದದ್ದನ್ನು ಅವಳಿಗೆ ಒಪ್ಪಿಸಿದೆ:

"ಬರೀಲಿಕ್ಕೆ ಎರಡು ಸೆಕೆಂಡ್ ಸಾಕ್ರಿ. ಅದಕ್ಕಿಂತ ಮೊದಲಿನ ಕೆಲಸ ಆರು ವಾರದ್ದು. ನೀವು ಆರು ವಾರ ಕೊಡ್ರಿ, ಎರಡು ಸೆಕೆಂಡ್ ನಾ ಪುಕಟ ಕೊಡತೀನಿ."